ಎರಡು ಮೂರು ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಯಾವುದಕ್ಕೆ ಸೇರಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಸೀಟು ಸಿಗುವವರೆಗೆ ಇರುವುದು ಒಂದೇ ಚಿಂತೆ: ಸಿಗುತ್ತೋ ಇಲ್ಲವೋ. ಎರಡು ಕಡೆ ಸಿಕ್ಕಿತು ಅಂದ ಕೂಡಲೇ ಬೇರೆ ಥರದ ಚಿಂತೆ ಶುರುವಾಗುತ್ತದೆ. ನಿದ್ದೆ ಬರುವುದಿಲ್ಲ. ಸಿಕ್ಕವರನ್ನೆಲ್ಲ ಕೇಳುತ್ತೇವೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಓದು ಮುಗಿಸಿ ಡಾಕ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಪ್ರತಿ ವರ್ಷ ಅಡ್ಮಿಷನ್ ಸಮಯಕ್ಕೆ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ತಲೆ ಕೆಟ್ಟುಹೋಗಿದೆ. ಎಲ್ಲಿಂದ ಶುರು ಮಾಡಲಿ?

ಮೊದಲು ಮಾನ್ಯತೆ ನೋಡಿ. ಇದು ಒಂದು ಗಂಟೆಯ ಕೆಲಸ. ಅದು ಮುಗಿಯುವವರೆಗೆ ಬೇರೆ ಯಾವುದನ್ನೂ ಯೋಚಿಸಬೇಡಿ. ಕಾಲೇಜು ಇರುವ ದೇಶದ ವೈದ್ಯಕೀಯ ಮಂಡಳಿ ಅದನ್ನು ಒಪ್ಪಿದೆಯಾ? ಅಲ್ಲಿನ ಡಿಗ್ರಿಯಿಂದ ಡಾಕ್ಟರ್ ಆಗಿ ಕೆಲಸ ಮಾಡಲು ಬೇಕಾದ ರಿಜಿಸ್ಟ್ರೇಷನ್ ಸಿಗುತ್ತದಾ? ಕಾಲೇಜಿನ ಬ್ರೋಷರ್ ನಂಬಬೇಡಿ, ಮಂಡಳಿಯ ವೆಬ್‌ಸೈಟಿನಲ್ಲೇ ನೋಡಿ. ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್ ಅಂತ ಒಂದು ಪಟ್ಟಿ 2014ರಿಂದ ಆನ್‌ಲೈನ್‌ನಲ್ಲಿದೆ, ದುಡ್ಡು ಕೊಡದೆ ಯಾರು ಬೇಕಾದರೂ ಹುಡುಕಬಹುದು. ಆದರೆ ಒಂದು ಮಾತು ನೆನಪಿರಲಿ. ಆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾನ್ಯತೆ ಇದೆ ಅಂತ ಅರ್ಥವಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಅದು ಸರಿಯಾಗಿದ್ದರೆ, ಪ್ರತಿ ಕಾಲೇಜಿನ ಬಗ್ಗೆಯೂ ಈ ಒಂದು ಪ್ರಶ್ನೆ ಕೇಳಿ: ಇಲ್ಲಿ ಮೂರನೇ ವರ್ಷದಲ್ಲಿರುವವರು ಒಂದು ಮಂಗಳವಾರ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ? ಎಷ್ಟು ಗಂಟೆಗೆ ಏಳುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಯಾರು ಪಾಠ ಹೇಳುತ್ತಾರೆ, ಎಷ್ಟು ಪೇಷಂಟ್ ಹತ್ತಿರ ಮಾತಾಡುತ್ತಾರೆ, ಎಷ್ಟು ಗಂಟೆಗೆ ವಾಪಸ್ ಬರುತ್ತಾರೆ. ಇದನ್ನು ಬಿಡಿಸಿ ಹೇಳುವವರು ಸಿಕ್ಕರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಮುಂದಿನ ಉತ್ತರಗಳಲ್ಲೂ ನಾನು ತಿರುಗಿ ತಿರುಗಿ ಈ ಮಂಗಳವಾರಕ್ಕೇ ಬರುತ್ತೇನೆ.

ಪ್ರಶ್ನೆ: ಹೆಸರು ದೊಡ್ಡದಿರುವ ಕಾಲೇಜಿಗೇ ಸೇರಬೇಕು ಅಲ್ವಾ? ರ‍್ಯಾಂಕಿಂಗ್ ಬೇರೆ ಚೆನ್ನಾಗಿದೆ.

ಹೆಸರಿಗೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ರಿಸರ್ಚ್ ಮಾಡಬೇಕು ಅನ್ನುವವರಿಗಂತೂ ದೊಡ್ಡ ಲ್ಯಾಬ್, ಒಳ್ಳೆಯ ಗೈಡ್ ಇರುವ ಕಡೆ ತುಂಬ ಅನುಕೂಲ. ಆದರೆ ರ‍್ಯಾಂಕಿಂಗ್ ಏನನ್ನು ಅಳೆಯುತ್ತದೆ ಅಂತ ಒಮ್ಮೆ ನೋಡಿ. ಜಾಗತಿಕ ಪಟ್ಟಿಗಳಲ್ಲಿ ಜಾಸ್ತಿ ತೂಕ ಸಿಗುವುದು ಸಂಶೋಧನಾ ಲೇಖನಗಳಿಗೆ, ಅವುಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನುವುದಕ್ಕೆ, ಬೇರೆ ಪ್ರೊಫೆಸರ್‌ಗಳ ಅಭಿಪ್ರಾಯಕ್ಕೆ. ಮೂರನೇ ವರ್ಷದವರಿಗೆ ಸ್ಟೆತಸ್ಕೋಪ್ ಹಿಡಿಯುವುದನ್ನು ಯಾರು ಕಲಿಸುತ್ತಾರೆ ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ನೂರು ವರ್ಷದ ಹಿಂದಿನ ಒಂದು ವಿಷಯ ಹೇಳುತ್ತೇನೆ. ಅಬ್ರಹಾಂ ಫ್ಲೆಕ್ಸ್‌ನರ್ ಅನ್ನುವವರು ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಕಾಲೇಜುಗಳ ಪರಿಶೀಲನೆ ನಡೆಸಿ 1910ರಲ್ಲಿ ವರದಿ ಕೊಟ್ಟರು. ಅವರು ಡಾಕ್ಟರ್ ಆಗಿರಲಿಲ್ಲ, ಮೇಷ್ಟರಾಗಿದ್ದವರು. ಪ್ರತಿ ಕಾಲೇಜಿನಲ್ಲೂ ಅವರು ನೋಡಿದ್ದು ಐದು ಸಂಗತಿ: ಎಂಥ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆ, ಎಷ್ಟು ಮೇಷ್ಟರಿದ್ದಾರೆ ಮತ್ತು ಅವರ ತರಬೇತಿ ಏನು, ಕಾಲೇಜು ನಡೆಸುವ ದುಡ್ಡು ಎಲ್ಲಿಂದ ಬರುತ್ತದೆ, ಲ್ಯಾಬ್ ಹೇಗಿದೆ, ಆಸ್ಪತ್ರೆಯ ಜೊತೆ ಸಂಬಂಧ ಹೇಗಿದೆ. ಆ ವರದಿಯ ನಂತರ ಎಷ್ಟೋ ಕಾಲೇಜುಗಳು ಬಾಗಿಲು ಹಾಕಿದವು. ಇವತ್ತು ನೀವು ಕೇಳಬೇಕಾದ್ದೂ ಹೆಚ್ಚುಕಮ್ಮಿ ಇವೇ ಐದು. ಅದರಲ್ಲೂ ಕೊನೆಯದನ್ನು ಬಿಡದೆ ಕೇಳಿ.

ಪ್ರಶ್ನೆ: ಆಸ್ಪತ್ರೆ ದೊಡ್ಡದಿದ್ದರೆ ಸಾಕಲ್ವಾ? ಪೇಷಂಟ್ ಜಾಸ್ತಿ ಇದ್ದರೆ ಕಲಿಕೆಯೂ ಜಾಸ್ತಿ.

ಪೇಷಂಟ್ ಇಲ್ಲದ ಆಸ್ಪತ್ರೆಯಲ್ಲಿ ಕಲಿಯುವುದಕ್ಕೆ ಏನೂ ಇರುವುದಿಲ್ಲ, ಅದು ನಿಜ. ಖಾಲಿ ವಾರ್ಡ್ ಕಂಡರೆ ಆ ಕಾಲೇಜಿನಿಂದ ದೂರ ಇರಿ. ಆದರೆ ದೊಡ್ಡದಾದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲಿ ಎರಡು ಆಸ್ಪತ್ರೆಗಳಿಗೆ ಪೋಸ್ಟಿಂಗ್ ಇರುತ್ತಿತ್ತು. ಒಂದು ಬಹಳ ದೊಡ್ಡದು. ಅಲ್ಲಿ ಬೆಡ್‌ಸೈಡ್ ಕ್ಲಿನಿಕ್ ಅಂದರೆ ಒಂದು ಮಂಚದ ಸುತ್ತ ಹದಿನಾಲ್ಕು ಜನ. ಮುಂದೆ ಪಿಜಿಗಳು, ಅವರ ಹಿಂದೆ ಇಂಟರ್ನ್‌ಗಳು, ಕೊನೆಗೆ ನಾವು. ತುದಿಗಾಲಲ್ಲಿ ನಿಂತರೆ ಪೇಷಂಟಿನ ಪಾದ ಕಾಣುತ್ತಿತ್ತು. ಸರ್ ಏನೋ ಹೇಳುತ್ತಿದ್ದರು, ಮುಂದಿನವರು ತಲೆಯಾಡಿಸುತ್ತಿದ್ದರು, ನಾವೂ ಬರೆದುಕೊಳ್ಳುತ್ತಿದ್ದೆವು. ಸ್ಪ್ಲೀನ್ (ಗುಲ್ಮ, ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಅಡಿಯಲ್ಲಿರುವ ಅಂಗ) ಊದಿಕೊಂಡಿದೆ ಅಂತ ನನ್ನ ನೋಟ್ಸಿನಲ್ಲಿ ಎಂಟು ಹತ್ತು ಸಲ ಬರೆದಿದ್ದೇನೆ. ಒಂದು ಸಲವೂ ಕೈಯಿಟ್ಟು ನೋಡಿರಲಿಲ್ಲ.

ಇನ್ನೊಂದು ಸಣ್ಣ ಆಸ್ಪತ್ರೆ. ಅಲ್ಲಿ ನಾವು ನಾಲ್ಕೇ ಜನ. ಮೇಡಂ ನನ್ನ ಬಲಗೈ ಹಿಡಿದು ಪೇಷಂಟಿನ ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ ಇಟ್ಟರು. ಎಡಗೈಯನ್ನು ಪಕ್ಕೆಲುಬಿನ ಹಿಂದೆ ಆಸರೆಗೆ ಕೊಡಿಸಿದರು. "ಒತ್ತಬೇಡ. ಅವರು ಉಸಿರು ಎಳೆದುಕೊಳ್ಳಲಿ, ಅದೇ ನಿನ್ನ ಬೆರಳ ಹತ್ತಿರ ಬರುತ್ತೆ" ಅಂದರು. ಪೇಷಂಟ್ ಉಸಿರು ಎಳೆದರು. ಏನೂ ಇಲ್ಲ. ಒಂದಿಷ್ಟು ಮೇಲೆ, ಎಡಕ್ಕೆ. ಮತ್ತೆ ಉಸಿರು. ಮತ್ತೆ ಮೇಲೆ. ನಾಲ್ಕನೇ ಸಲ, ಎಡ ಪಕ್ಕೆಲುಬಿನ ಕೆಳಗೆ, ಮೆತ್ತಗಿನ ಒಂದು ಅಂಚು ಬಂದು ತೋರುಬೆರಳಿಗೆ ತಾಗಿ ಹಿಂದಕ್ಕೆ ಸರಿಯಿತು. ಇವತ್ತಿಗೂ ಯಾರ ಹೊಟ್ಟೆ ಮುಟ್ಟಿದರೂ ನನಗೆ ಆ ಅಂಚು ನೆನಪಾಗುತ್ತದೆ. ಆರೋಗ್ಯವಾಗಿರುವವರಲ್ಲಿ ಸ್ಪ್ಲೀನ್ ಸಾಮಾನ್ಯವಾಗಿ ಕೈಗೆ ಸಿಗುವುದೇ ಇಲ್ಲ. ಅದನ್ನು ಪುಸ್ತಕ ಓದಿ ಕಲಿಯುವುದಕ್ಕೆ ಆಗುವುದೂ ಇಲ್ಲ.

ಹಾಗಾಗಿ ಹಾಸಿಗೆ ಎಷ್ಟಿವೆ ಅಂತ ಕೇಳಿದ ಮೇಲೆ ಇನ್ನೊಂದು ಕೇಳಿ: ಒಂದು ಕ್ಲಿನಿಕ್‌ನಲ್ಲಿ ಎಷ್ಟು ವಿದ್ಯಾರ್ಥಿಗಳು ನಿಲ್ಲುತ್ತಾರೆ? ನಾಲ್ಕೈದು ಜನ ಅಂದರೆ ತುಂಬ ಒಳ್ಳೆಯದು. ಎಂಟು, ಪರವಾಗಿಲ್ಲ. ಹದಿನೈದು ಅಂದರೆ ಹಿಂದಿನ ಸಾಲಿನವರು ಏನು ಕಲಿಯುತ್ತಾರೆ ಅಂತ ನೇರವಾಗಿ ಕೇಳಿ. ಕೇಸ್ ಹಿಸ್ಟರಿ ನಿಮ್ಮಿಂದ ಬರೆಸುತ್ತಾರಾ? ಬರೆದದ್ದನ್ನು ಯಾರಾದರೂ ಕೂತು ಓದಿ ತಿದ್ದುತ್ತಾರಾ? ಪೇಷಂಟನ್ನು ನೀವು ಪರೀಕ್ಷೆ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡುವವರು ಇದ್ದಾರಾ?

ವಿಲಿಯಂ ಆಸ್ಲರ್ ಬಗ್ಗೆ ಇಲ್ಲಿ ಹೇಳದೆ ಇರಲಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ 1893ರಲ್ಲಿ ಶುರುವಾದಾಗ ಅಲ್ಲಿ ಮೆಡಿಸಿನ್ ಕಲಿಸಿದವರು. ವಿದ್ಯಾರ್ಥಿಗಳನ್ನು ಲೆಕ್ಚರ್ ಹಾಲಿನಿಂದ ಎಬ್ಬಿಸಿ ವಾರ್ಡಿಗೆ ಕರೆದೊಯ್ದು ಪೇಷಂಟ್ ಪಕ್ಕ ನಿಲ್ಲಿಸಿದರು. ನನ್ನ ಸಮಾಧಿಯ ಮೇಲೆ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದವನು ಅಂತ ಬರೆದರೆ ಸಾಕು ಅನ್ನುವುದು ಅವರ ಆಸೆಯಾಗಿತ್ತು. ಅಂಥ ಆಸೆ ಇರುವ ಒಬ್ಬಿಬ್ಬರು ಮೇಷ್ಟರು ಇರುವ ಕಾಲೇಜು ಸಿಕ್ಕರೆ ಕಟ್ಟಡ ಹಳೆಯದಿದ್ದರೂ ಸೇರಿಬಿಡಿ.

ಪ್ರಶ್ನೆ: ಒಂದು ಕಾಲೇಜಿನಲ್ಲಿ ಪ್ರಾಬ್ಲಂ ಬೇಸ್ಡ್ ಲರ್ನಿಂಗ್ ಅಂತಾರೆ, ಇನ್ನೊಂದರಲ್ಲಿ ಮಾಮೂಲಿ ಲೆಕ್ಚರ್. ಯಾವುದು ಒಳ್ಳೆಯದು?

ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತದೋ ಅದು. ಹಳೆಯ ಪದ್ಧತಿಯಲ್ಲಿ ಮೊದಲು ಎರಡು ವರ್ಷದಷ್ಟು ಕಾಲ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ ಇಂಥವು. ಪೇಷಂಟ್ ಆಮೇಲೆ. ಪ್ರಾಬ್ಲಂ ಬೇಸ್ಡ್ ಪದ್ಧತಿ ಶುರುವಾಗಿದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ. 1969ರಲ್ಲಿ ಮೊದಲ ಬ್ಯಾಚ್ ಸೇರಿತು. 1974ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಅದೇ ದಾರಿ ಹಿಡಿಯಿತು. ಎಂಟು ಹತ್ತು ಜನರ ಗುಂಪಿಗೆ ಒಂದು ಕೇಸ್ ಕೊಡುತ್ತಾರೆ: ಐವತ್ತು ವರ್ಷದವರು, ಎದೆನೋವು ಅಂತ ಬಂದಿದ್ದಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಏನೇನು ಗೊತ್ತಿರಬೇಕು ಅಂತ ನೀವೇ ಪಟ್ಟಿ ಮಾಡಬೇಕು, ಓದಿಕೊಂಡು ಬರಬೇಕು, ಮತ್ತೆ ಕೂತು ಮಾತಾಡಬೇಕು. ಮೇಷ್ಟರು ದಾರಿ ತಪ್ಪದ ಹಾಗೆ ನೋಡಿಕೊಳ್ಳುತ್ತಾರೆ, ಪಾಠ ಮಾಡುವುದಿಲ್ಲ.

ಮಾತಾಡುತ್ತಾ ಕಲಿಯುವವರಿಗೆ ಇದು ತುಂಬ ಹಿಡಿಸುತ್ತದೆ. ಒಬ್ಬರೇ ಕೂತು ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೆ ಮಾತ್ರ ಸಮಾಧಾನ ಅನ್ನುವವರಿಗೆ ಮೊದಲ ಆರು ತಿಂಗಳು ನೆಲ ಸಿಗುವುದಿಲ್ಲ, ಎಷ್ಟು ಓದಿದರೆ ಸಾಕು ಅಂತಲೇ ಗೊತ್ತಾಗುವುದಿಲ್ಲ. ಎರಡೂ ಪದ್ಧತಿಯಲ್ಲಿ ಓದಿದ ಒಳ್ಳೆಯ ಡಾಕ್ಟರುಗಳ ಜೊತೆ ನಾನು ಕೆಲಸ ಮಾಡಿದ್ದೇನೆ. ಈಗ ಬಹಳಷ್ಟು ಕಾಲೇಜುಗಳು ಎರಡನ್ನೂ ಬೆರೆಸಿವೆ. ಬ್ರೋಷರಿನಲ್ಲಿರುವ ಹೆಸರು ಬಿಟ್ಟು ಟೈಮ್‌ಟೇಬಲ್ ಕೇಳಿ. ವಾರಕ್ಕೆ ಎಷ್ಟು ಗಂಟೆ ಲೆಕ್ಚರ್, ಎಷ್ಟು ಗಂಟೆ ಸಣ್ಣ ಗುಂಪು, ಮೊದಲ ಸಲ ಪೇಷಂಟ್ ಮುಟ್ಟುವುದು ಯಾವಾಗ ಅನ್ನುವುದು ಅದರಲ್ಲಿ ಕಾಣುತ್ತದೆ.

ಪ್ರಶ್ನೆ: ಡಿಸೆಕ್ಷನ್ ಇಲ್ಲದ ಕಾಲೇಜು ಬೇಡ ಅಂತಾರೆ. ನಿಜವಾ?

ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಕಡೆ ದೇಹವನ್ನು ವಿದ್ಯಾರ್ಥಿಗಳೇ ಬಿಡಿಸುತ್ತಾರೆ, ಕೆಲವು ಕಡೆ ಮೊದಲೇ ಬಿಡಿಸಿಟ್ಟ ಭಾಗಗಳನ್ನು ತೋರಿಸುತ್ತಾರೆ, ಕೆಲವು ಕಡೆ ಪರದೆಯ ಮೇಲೆ. ಸರ್ಜರಿ ಮನಸ್ಸಿನಲ್ಲಿದ್ದರೆ ಕೈಯಾರೆ ಬಿಡಿಸುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಆದರೆ ಒಂದು ಟೇಬಲ್ಲಿಗೆ ಇಪ್ಪತ್ತೈದು ಜನ ಇದ್ದರೆ ಡಿಸೆಕ್ಷನ್ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಪರೀಕ್ಷೆ, ಮಾರ್ಕ್ಸ್ ವಿಷಯದಲ್ಲಿ ಏನು ನೋಡಬೇಕು?

ಪಾಸ್ ಫೇಲ್ ಮಾತ್ರ ಹೇಳುತ್ತಾರಾ, ರ‍್ಯಾಂಕ್ ಕೊಡುತ್ತಾರಾ ಅಂತ ಕೇಳಿ. ಪಕ್ಕದವರಿಗೆ ನೋಟ್ಸ್ ಕೊಟ್ಟರೆ ನನ್ನ ರ‍್ಯಾಂಕ್ ಕೆಳಗೆ ಹೋಗುತ್ತೆ ಅನ್ನುವ ವಾತಾವರಣದಲ್ಲಿ ಐದು ವರ್ಷ ಕಳೆಯುವುದು ಕಷ್ಟ. ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತ, ಸ್ಟೆಪ್ 1 ಅನ್ನುತ್ತಾರಲ್ಲ, ಅದೇ 2022ರ ಜನವರಿಯಿಂದ ಅಂಕಿ ಕೊಡುವುದನ್ನು ನಿಲ್ಲಿಸಿ ಬರೀ ಪಾಸ್ ಫೇಲ್ ಹೇಳುತ್ತಿದೆ. ಜೊತೆಗೆ, ಪ್ರಾಕ್ಟಿಕಲ್ ಹೇಗೆ ನಡೆಸುತ್ತಾರೆ ಅಂತಲೂ ನೋಡಿ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪರಿಚಯಿಸಿದ ಆಸ್ಕಿ ಪದ್ಧತಿ ಈಗ ಬಹಳ ಕಡೆ ಇದೆ. ಸಾಲಾಗಿ ಸ್ಟೇಷನ್ನುಗಳು, ಒಂದೊಂದಕ್ಕೂ ಕೆಲವೇ ನಿಮಿಷ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು. ಪರೀಕ್ಷಕರ ಮೂಡಿನ ಮೇಲೆ ನಿಮ್ಮ ಹಣೆಬರಹ ನಿಲ್ಲುವುದು ಇದರಲ್ಲಿ ಕಡಿಮೆ.

ಫೇಲ್ ಆದರೆ ಏನು ಮಾಡುತ್ತಾರೆ ಅನ್ನುವುದನ್ನು ಕೇಳಲು ಸಂಕೋಚ ಬೇಡ. ಒಂದು ವಿಷಯದಲ್ಲಿ ಹೋದರೆ ಇಡೀ ವರ್ಷ ಹೋಗುತ್ತದಾ, ಕೆಲವೇ ವಾರದಲ್ಲಿ ಮತ್ತೆ ಬರೆಯಬಹುದಾ? ಚೆನ್ನಾಗಿ ಓದುವವರೂ ಒಮ್ಮೊಮ್ಮೆ ಜ್ವರ ಬಂದು, ಮನೆಯಲ್ಲಿ ಏನೋ ಆಗಿ, ಒಂದು ಪೇಪರ್ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಒಂದು ಕಡೆ ಫೀಸು ಕಡಿಮೆ, ಇನ್ನೊಂದು ಕಡೆ ಹೆಸರು ಜಾಸ್ತಿ. ಸಾಲ ಮಾಡಿ ಸೇರಲಾ?

ಎರಡೂ ಕಾಲೇಜು ಕಲಿಕೆಯಲ್ಲಿ ಹೆಚ್ಚುಕಮ್ಮಿ ಸಮ ಅನ್ನಿಸಿದರೆ ಫೀಸು ಕಡಿಮೆ ಇರುವ ಕಡೆಗೇ ಹೋಗಿ. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಸಾಲದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಮೊದಲ ವರ್ಷ 100 ಸಾಲ ತೆಗೆದುಕೊಂಡಿರಿ ಅಂದುಕೊಳ್ಳಿ, ಬಡ್ಡಿ ವರ್ಷಕ್ಕೆ 9 ಪರ್ಸೆಂಟ್, ಅದು ಅಸಲಿಗೆ ಸೇರುತ್ತಾ ಹೋಗುತ್ತದೆ. ಐದೂವರೆ ವರ್ಷ ಏನೂ ಕಟ್ಟದಿದ್ದರೆ ಅದು ಸುಮಾರು 160 ಆಗಿರುತ್ತದೆ. ಎಂಟು ವರ್ಷಕ್ಕೆ ಎರಡರಷ್ಟು. ಡಿಗ್ರಿ ಮುಗಿದ ಕೂಡಲೇ ದೊಡ್ಡ ಸಂಬಳ ಬರುವುದಿಲ್ಲ, ಸ್ಪೆಷಾಲಿಟಿ ಓದುವುದು ಇನ್ನೂ ಕೆಲವು ವರ್ಷ. ಆ ವರ್ಷಗಳಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನನಗೆ ಬೇಜಾರಾಗುವುದು ಎಲ್ಲಿ ಅಂದರೆ, ಮಕ್ಕಳ ಡಾಕ್ಟರ್ ಆಗಬೇಕು ಅಂತ ಆಸೆ ಇದ್ದವರು ಸಾಲ ತೀರಿಸಲು ಬೇರೆ ಸ್ಪೆಷಾಲಿಟಿ ಹಿಡಿದಾಗ. ಸಾಲ ಕಡಿಮೆ ಇದ್ದರೆ ಮುಂದೆ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಬಹುದು.

ಫೀಸು ಅಂದರೆ ಟ್ಯೂಷನ್ ಫೀಸು ಒಂದೇ ಅಂದುಕೊಳ್ಳಬೇಡಿ. ಹಾಸ್ಟೆಲ್, ಪರೀಕ್ಷೆ ಫೀಸು, ಓಡಾಟ, ಉಪಕರಣ, ವರ್ಷ ವರ್ಷ ಏರುವ ಮೊತ್ತ, ಎಲ್ಲ ಸೇರಿಸಿ. ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದರೆ ಮೊದಲ ವರ್ಷಕ್ಕೆ ಮಾತ್ರವಾ, ಪೂರ್ತಿ ಕೋರ್ಸಿಗಾ, ಮಾರ್ಕ್ಸ್ ಕಡಿಮೆಯಾದರೆ ನಿಲ್ಲಿಸುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಕೋರ್ಸ್ ಮುಗಿದ ಮೇಲೆ ಇಷ್ಟು ವರ್ಷ ಇಂಥ ಕಡೆ ಕೆಲಸ ಮಾಡಬೇಕು ಅನ್ನುವ ಬಾಂಡ್ ಇದೆಯಾ ನೋಡಿ. ಬಾಂಡ್ ಕೆಟ್ಟದ್ದೇನಲ್ಲ. ಸಹಿ ಹಾಕುವಾಗ ಗೊತ್ತಿರಬೇಕು, ಅಷ್ಟೇ. ಇನ್ನು, ದುಡ್ಡು ಕಟ್ಟುವಷ್ಟು ಶಕ್ತಿ ಇಲ್ಲ ಅಂತ ಕಾಲೇಜಿಗೆ ಹೇಳಿಕೊಳ್ಳಲು ನಾಚಿಕೆ ಬೇಡ. ಕೆಲವು ಕಡೆ ನೆರವು ಇರುತ್ತದೆ, ಕೇಳಿದವರಿಗೆ ಸಿಗುತ್ತದೆ. ನ್ಯೂಯಾರ್ಕ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲ್ 2018ರಲ್ಲಿ ಎಲ್ಲ ಎಂಡಿ (ಅಲ್ಲಿ ಡಾಕ್ಟರ್ ಆಗಲು ಓದುವ ಮೊದಲ ವೈದ್ಯಕೀಯ ಡಿಗ್ರಿ) ವಿದ್ಯಾರ್ಥಿಗಳ ಟ್ಯೂಷನ್ ಫೀಸನ್ನೇ ತೆಗೆದುಹಾಕಿತು. 2024ರಲ್ಲಿ ಅದೇ ಊರಿನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು 100 ಕೋಟಿ ಡಾಲರ್ ದಾನ ಬಂದ ಮೇಲೆ ಹಾಗೆಯೇ ಮಾಡಿತು.

ಪ್ರಶ್ನೆ: ಮನೆಗೆ ಹತ್ತಿರ ಇರುವುದು ಒಳ್ಳೆಯದಾ, ದೂರ ಹೋಗುವುದು ಒಳ್ಳೆಯದಾ?

ಎರಡೂ ನಡೆಯುತ್ತದೆ. ಆದರೆ ಓದು ಕಷ್ಟವಾದಾಗ ಯಾರ ಹತ್ತಿರ ಹೋಗಿ ಅಳುತ್ತೀರಿ ಅಂತ ಯೋಚಿಸಿ. ಮನೆಯವರೇ ಆಗಿದ್ದರೆ ಹತ್ತಿರದ ಕಾಲೇಜಿಗೆ ಜಾಸ್ತಿ ಅಂಕ ಕೊಡಿ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವಂತಿದ್ದರೆ ಮನೆಯಲ್ಲಿದ್ದರೂ ದೂರವೇ. ಆಗ ಹಾಸ್ಟೆಲ್ ಮೇಲು.

ಪ್ರಶ್ನೆ: ಸೀನಿಯರ್‌ಗಳನ್ನು ಏನಂತ ಕೇಳಲಿ? ಎಲ್ಲರೂ "ಚೆನ್ನಾಗಿದೆ" ಅಂತಾರೆ.

"ಕಾಲೇಜು ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ. ಕಳೆದ ಮಂಗಳವಾರ ಏನು ಮಾಡಿದಿರಿ ಅಂತ ಕೇಳಿ. ಕಳೆದ ತಿಂಗಳು ಎಷ್ಟು ಕ್ಲಾಸು ಕ್ಯಾನ್ಸಲ್ ಆಯಿತು? ನಿಮ್ಮ ಹೆಸರು ಗೊತ್ತಿರುವ ಪ್ರೊಫೆಸರ್ ಎಷ್ಟು ಜನ ಇದ್ದಾರೆ? ತಪ್ಪು ಮಾಡಿದಾಗ ಪೇಷಂಟ್ ಮುಂದೆ ಬೈಯುತ್ತಾರಾ? ರ‍್ಯಾಗಿಂಗ್ ಇದೆಯಾ? ಮನಸ್ಸಿಗೆ ತುಂಬ ಕಷ್ಟವಾದವರು ಯಾರ ಹತ್ತಿರ ಹೋದರು, ಅವರಿಗೆ ಸಹಾಯ ಸಿಕ್ಕಿತಾ? ನಿಮ್ಮ ತಂಗಿಗೆ ಇಲ್ಲೇ ಸೀಟು ಸಿಕ್ಕರೆ ಸೇರಿಸುತ್ತೀರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ಗಮನಿಸಿ.

ಕಾಲೇಜಿನವರೇ ಪರಿಚಯ ಮಾಡಿಸಿದ ಒಬ್ಬರ ಜೊತೆ ಮಾತ್ರ ಮಾತಾಡಿ ಬರಬೇಡಿ. ಕನಿಷ್ಠ ಮೂರು ಜನ, ಬೇರೆ ಬೇರೆ ವರ್ಷದವರು. ಆಗುವುದಾದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ನರ್ಸ್‌ಗಳು ವಿದ್ಯಾರ್ಥಿಗಳ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದರಲ್ಲೇ ಎಷ್ಟೋ ಗೊತ್ತಾಗುತ್ತದೆ.

ಪ್ರಶ್ನೆ: ಹೊಸ ಕಾಲೇಜು. ಇನ್ನೂ ಒಂದು ಬ್ಯಾಚೂ ಹೊರಗೆ ಬಂದಿಲ್ಲ. ರಿಸ್ಕ್ ಅಲ್ವಾ?

ರಿಸ್ಕ್ ಇದೆ. ಪೂರ್ತಿ ಮಾನ್ಯತೆ ಸಿಗುವುದು ಎಷ್ಟೋ ಕಡೆ ಮೊದಲ ಬ್ಯಾಚ್ ಕೋರ್ಸ್ ಮುಗಿಸುವ ಹೊತ್ತಿಗೆ. ಒಂದು ವೇಳೆ ಸಿಗದಿದ್ದರೆ ವಿದ್ಯಾರ್ಥಿಗಳನ್ನು ಎಲ್ಲಿಗೆ ಸೇರಿಸುತ್ತಾರೆ ಅಂತ ಕೇಳಿ ಇಟ್ಟುಕೊಳ್ಳಿ. ಆದರೆ ಒಳ್ಳೆಯ ಹಿರಿಯ ಮೇಷ್ಟರನ್ನು ಕರೆತಂದು, ಈಗಾಗಲೇ ನಡೆಯುತ್ತಿರುವ ಆಸ್ಪತ್ರೆಯ ಜೊತೆ ಶುರುವಾದ ಹೊಸ ಕಾಲೇಜಿನಲ್ಲಿ ಮೊದಲ ಬ್ಯಾಚಿನವರಿಗೆ ಸಿಗುವ ಗಮನ ಬೇರೆಲ್ಲೂ ಸಿಗದು.

ಪ್ರಶ್ನೆ: ಒಂದು ಆಫರ್ ಬೇರೆ ದೇಶದಿಂದ ಬಂದಿದೆ. ಹೋಗಲಾ?

ಓದುವ ದೇಶ ಒಂದು, ಕೆಲಸ ಮಾಡುವ ದೇಶ ಇನ್ನೊಂದು ಆದರೆ ಎರಡೂ ಕಡೆಯ ನಿಯಮ ಓದಬೇಕು. ಕೋರ್ಸಿನ ಅವಧಿಯೇ ಬೇರೆ ಬೇರೆ. ಅಮೆರಿಕದಲ್ಲಿ ಒಂದು ಡಿಗ್ರಿ ಮುಗಿಸಿದ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷ, ಬ್ರಿಟನ್ನಿನಲ್ಲಿ ಐದು ಅಥವಾ ಆರು, ಜರ್ಮನಿಯಲ್ಲಿ ಆರು ದಾಟುತ್ತದೆ. ಹೊರಗೆ ಓದಿ ಭಾರತದಲ್ಲಿ ರಿಜಿಸ್ಟರ್ ಆಗಬೇಕಾದವರಿಗೆ 2021ರ ನವೆಂಬರಿನ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಪಾಠ ಇಂಗ್ಲಿಷಿನಲ್ಲಿ. ಇದರಲ್ಲಿ ಒಂದು ತಪ್ಪಿದರೂ ಕಷ್ಟ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇನ್ನೊಂದು, ಪೇಷಂಟ್‌ಗಳ ಭಾಷೆ. ಪಾಠ ಇಂಗ್ಲಿಷಿನಲ್ಲಿ ಇದ್ದರೂ ಎಲ್ಲಿ ಎಷ್ಟು ದಿನದಿಂದ ನೋವು ಅಂತ ಹೇಳುವುದು ಅವರ ಭಾಷೆಯಲ್ಲೇ. ಅದನ್ನು ಕಲಿಸುವ ವ್ಯವಸ್ಥೆ ಕಾಲೇಜಿನಲ್ಲಿ ಇಲ್ಲದಿದ್ದರೆ ವಾರ್ಡಿನಲ್ಲಿ ಸುಮ್ನೆ ನಿಂತು ಬರುತ್ತೀರಿ, ಅಷ್ಟೇ.

ಪ್ರಶ್ನೆ: ಎಲ್ಲ ಲೆಕ್ಕ ಹಾಕಿದ ಮೇಲೂ ಎರಡೂ ಸಮ ಬಂದರೆ? ಮನೆಯವರು ಒಂದು ಹೇಳುತ್ತಾರೆ, ನನ್ನ ಮನಸ್ಸು ಇನ್ನೊಂದು.

ನಿಜವಾಗಲೂ ಸಮ ಅಂದರೆ ಯಾವುದನ್ನು ಆರಿಸಿದರೂ ತಪ್ಪಿಲ್ಲ. ಒಂದು ರಾತ್ರಿ ಇದೇ ಕಾಲೇಜು ಅಂತ ತೀರ್ಮಾನ ಮಾಡಿ ಮಲಗಿ, ಯಾರಿಗೂ ಹೇಳಬೇಡಿ. ಬೆಳಗ್ಗೆ ಎದ್ದಾಗ ಹಗುರ ಅನ್ನಿಸಿತಾ, ಏನೋ ಕಳೆದುಕೊಂಡ ಹಾಗೆ ಅನ್ನಿಸಿತಾ ನೋಡಿ. ಮರುದಿನ ಇನ್ನೊಂದಕ್ಕೂ ಹೀಗೇ ಮಾಡಿ. ಮನೆಯವರಿಗೆ ನಿಮ್ಮ ಕಾರಣಗಳನ್ನು ಬರೆದು ತೋರಿಸಿ. ಅವರ ಭಯ ಸಾಮಾನ್ಯವಾಗಿ ದುಡ್ಡಿನದ್ದು ಅಥವಾ ಸುರಕ್ಷತೆಯದ್ದು. ಆ ಎರಡಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಮಾತು ಸಲೀಸಾಗುತ್ತದೆ.

ಪ್ರಶ್ನೆ: ಎಷ್ಟು ದಿನ ಎರಡೂ ಸೀಟು ಹಿಡಿದಿಟ್ಟುಕೊಳ್ಳಬಹುದು?

ನಿಯಮ ಕೊಡುವಷ್ಟು ದಿನ. ಅಮೆರಿಕದಲ್ಲಿ ಏಪ್ರಿಲ್ 30ರ ಹೊತ್ತಿಗೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡುವುದು ಪದ್ಧತಿ. ಬ್ರಿಟನ್ನಿನಲ್ಲಿ ಯೂಕಾಸ್ (ಅಲ್ಲಿನ ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಮೂಲಕ ಒಂದನ್ನು ಮೊದಲ ಆಯ್ಕೆ, ಇನ್ನೊಂದನ್ನು ಅದು ತಪ್ಪಿದರೆ ಅಂತ ಇಟ್ಟುಕೊಳ್ಳಬಹುದು. ನಿಮ್ಮ ಆಫರ್ ಲೆಟರಿನಲ್ಲಿರುವ ದಿನಾಂಕ, ಮುಂಗಡ ಹಣ ವಾಪಸ್ ಬರುತ್ತದಾ ಇಲ್ಲವಾ, ಎರಡನ್ನೂ ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ತೀರ್ಮಾನ ಆದ ದಿನವೇ ಬೇಡದ ಸೀಟನ್ನು ಬಿಟ್ಟುಬಿಡಿ. ಎರಡು ಸಾಲಿನ ಇಮೇಲ್ ಸಾಕು. ನನಗೆ ಸೀಟು ಸಿಕ್ಕಿದ್ದು ವೇಟಿಂಗ್ ಲಿಸ್ಟಿನಿಂದ, ಕ್ಲಾಸು ಶುರುವಾಗಲು ಮೂರು ದಿನ ಇದ್ದಾಗ. ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. "ಒಬ್ಬರು ಬಿಟ್ಟಿದ್ದಾರೆ, ನಾಳೆ ಹತ್ತು ಗಂಟೆಯೊಳಗೆ ಬರ್ತೀರಾ?" ಅಂದರು. ಬಿಟ್ಟವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.